ಓದುಗರ ಸ್ಪಂದನ: ‘ಇದು ಮನೆಯೋ, ಲಾಡ್ಜೋ?’

ಓದುಗರೊಬ್ಬರ ಸಮಸ್ಯೆ: ನಾನು ಮೈಸೂರಿನವನು, ವಯಸ್ಸು 41. ಖಾಸಗಿ ಕಂಪನಿಯ ಲೆಕ್ಕಪತ್ರ ವಿಭಾಗದಲ್ಲಿದ್ದೇನೆ. ವಾರಕ್ಕೆ ಆರು ದಿನ, ಬೆಳಿಗ್ಗೆ 9.30ರಿಂದ ಸಂಜೆ 6.30. ಸಂಬಳ 42,000 ರೂಪಾಯಿ. ರಾತ್ರಿ ಮನೆಯಲ್ಲಿ ಕನ್ನಡ ಪುಸ್ತಕಗಳ ಪುಟ ವಿನ್ಯಾಸ (ಪುಟಕ್ಕೆ 25 ರೂಪಾಯಿ) ಮತ್ತು ಲಗ್ನಪತ್ರಿಕೆ ಡಿಸೈನ್ ಮಾಡುತ್ತೇನೆ. ಸೀಸನ್ನಿನಲ್ಲಿ ತಿಂಗಳಿಗೆ 15,000 ಸಿಗುತ್ತದೆ. ಮಲಗುವಾಗ ಒಂದು ಗಂಟೆ ದಾಟಿರುತ್ತದೆ. ಹೆಂಡತಿ ಖಾಸಗಿ ಶಾಲೆಯಲ್ಲಿ ಟೀಚರ್. ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಜೊತೆಗಿರುವ ತಾಯಿಗೆ ಸಕ್ಕರೆ ಕಾಯಿಲೆ. ‘ಇದು ಮನೆಯೋ, ಲಾಡ್ಜೋ’ ಎಂದು ಹೆಂಡತಿ ಕೇಳುತ್ತಾಳೆ. ಮನೆ ಸಾಲದ ಕಂತು ಇರುವುದರಿಂದ ಸೈಡ್ ಕೆಲಸ ಬಿಡಲಾರೆ. ದಾರಿ ಯಾವುದು?

*

ನಿಮ್ಮ ಪತ್ರದಲ್ಲಿ ಎಲ್ಲ ಅಂಕಿ ಇವೆ, ಒಂದು ಮಾತ್ರ ಇಲ್ಲ: ಒಂದು ಪುಸ್ತಕಕ್ಕೆ ಒಟ್ಟು ಎಷ್ಟು ತಾಸು ಹೋಗುತ್ತದೆ?

160 ಪುಟದ ಪುಸ್ತಕ ಅನ್ನಿ. ಪುಟಕ್ಕೆ 25ರಂತೆ 4,000 ರೂಪಾಯಿ. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಟೈಪ್ ಆಗಿ ಬಂದ ಹಸ್ತಪ್ರತಿಯನ್ನು, ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಕಾಣುವ ಯುನಿಕೋಡ್‌ಗೆ ಬದಲಿಸಿ ಸ್ವಚ್ಛ ಮಾಡಲು 5 ತಾಸು, ಅಕ್ಷರ, ತಲೆಬರಹಗಳ ಸ್ಟೈಲ್ ಕಟ್ಟಿ ಬರಹವನ್ನು ಪುಟಗಳಿಗೆ ಹರಿಸಲು 3, ಮೊದಲ ಪ್ರೂಫ್ ತಿದ್ದಲು 4, ಎರಡನೆಯದಕ್ಕೆ 2, ಪರಿವಿಡಿ ಮತ್ತು ಪ್ರೆಸ್ ಪಿಡಿಎಫ್‌ಗೆ 2. ಒಟ್ಟು 16 ತಾಸು, ತಾಸಿಗೆ 250 ರೂಪಾಯಿ ಬಿತ್ತು. ನಿಮ್ಮ ಸಂಬಳವನ್ನು ತಿಂಗಳ 26 ದಿನ, ದಿನಕ್ಕೆ 8 ತಾಸು ಅಂತ ಭಾಗಿಸಿದರೆ ಸುಮಾರು 202. ಇಲ್ಲಿಯವರೆಗೆ ಸೈಡ್ ಕೆಲಸವೇ ಮೇಲು. ಆಮೇಲೆ ಲೇಖಕರು ಮೂರನೇ ಪ್ರೂಫಿನಲ್ಲಿ ಎರಡು ಪ್ಯಾರಾ ಸೇರಿಸುತ್ತಾರೆ, ನಾಲ್ಕನೆಯದರಲ್ಲಿ ಮುನ್ನುಡಿ ಬರುತ್ತದೆ, ಐದನೆಯದರಲ್ಲಿ ಅರ್ಪಣೆ ಬದಲಾಗುತ್ತದೆ. ಇನ್ನೊಂದು 12 ತಾಸು ಹೋಯಿತು. 28 ತಾಸಿಗೆ ಅದೇ 4,000, ಅಂದರೆ ತಾಸಿಗೆ 143. ನಿಮ್ಮ ನಿದ್ದೆ ತಿನ್ನುತ್ತಿರುವುದು ಪುಟ ವಿನ್ಯಾಸವಲ್ಲ, ಪುಕ್ಕಟೆ ತಿದ್ದುಪಡಿ.

ಹಾಗಾಗಿ ಮೊದಲ ದಿನವೇ ವಾಟ್ಸ್ಯಾಪಿನಲ್ಲಿ ನಾಲ್ಕು ಸಾಲು ಬರೆದು ಒಪ್ಪಿಗೆ ತೆಗೆದುಕೊಳ್ಳಿ. ಹಸ್ತಪ್ರತಿ ಪೂರ್ತಿ ಬಂದ ಮೇಲೇ ಕೆಲಸ ಶುರು. ಮುನ್ನುಡಿ, ಬೆನ್ನುಡಿ, ಲೇಖಕರ ಪರಿಚಯ ಎಲ್ಲ ಸೇರಿ. ಅರ್ಧ ಹಣ ಮುಂಗಡ. ಎರಡು ಪ್ರೂಫ್ ದರದೊಳಗೆ, ಮೂರನೆಯದರಿಂದ ತಿದ್ದಿದ ಪ್ರತಿ ಪುಟಕ್ಕೆ 10 ರೂಪಾಯಿ. ಬಾಕಿ ಬಂದ ಮೇಲೆ ಪ್ರೆಸ್ ಪಿಡಿಎಫ್. ಹತ್ತು ರೂಪಾಯಿ ದೊಡ್ಡದಲ್ಲ, ಆದರೆ ಅದನ್ನು ಬರೆದಿಟ್ಟರೆ ಲೇಖಕರು ಎರಡನೇ ಪ್ರೂಫನ್ನು ಕೂತು ಓದುತ್ತಾರೆ. ತಿದ್ದುಪಡಿ ಒಬ್ಬರಿಂದ, ಒಂದೇ ಕಂತಿನಲ್ಲಿ ಬರಬೇಕು: ಕೆಂಪು ಶಾಯಿಯ ಮುದ್ರಿತ ಪ್ರತಿ ಅಥವಾ ಪಿಡಿಎಫ್ ಮೇಲಿನ ಟಿಪ್ಪಣಿ. ‘47ನೇ ಪುಟದಲ್ಲಿ ಮೂರನೇ ಸಾಲು’ ಅಂತ ಫೋನಿನಲ್ಲಿ ಹೇಳುವುದನ್ನು ಒಪ್ಪಲೇಬೇಡಿ. ಅವರ ಕೈಯಲ್ಲಿರುವುದು ಹಳೆಯ ಪ್ರೂಫ್, ನಿಮ್ಮ ಪರದೆ ಮೇಲಿರುವುದು ಹೊಸದು.

ಪೂರ್ತಿ ಪುಸ್ತಕ ಹರಿಸುವ ಮೊದಲು 8 ಪುಟದ ಮಾದರಿ ಕಳಿಸಿ: ಅಕ್ಷರ 12 ಪಾಯಿಂಟ್, ಸಾಲಿನ ಅಂತರ 16 ಅಥವಾ 17, ಅಧ್ಯಾಯದ ತಲೆಬರಹ, ಪುಟಸಂಖ್ಯೆಯ ಜಾಗ. ‘ಅಕ್ಷರ ಸ್ವಲ್ಪ ದೊಡ್ಡದಾಗಲಿ’ ಎಂಬ ಮಾತು ಇಲ್ಲಿ ಬಂದರೆ ಹತ್ತು ನಿಮಿಷದ ಕೆಲಸ, ಮೊದಲ ಪ್ರೂಫ್ ಆದ ಮೇಲೆ ಬಂದರೆ ಒಂದು ರಾತ್ರಿ. ಪರಿವಿಡಿ ಯಾವತ್ತೂ ಕಡೆಗೆ. ಎರಡನೇ ಅಧ್ಯಾಯದಲ್ಲಿ ಒಂದು ಪ್ಯಾರಾ ಸೇರಿದರೂ ಮುಂದಿನ ಪುಟಸಂಖ್ಯೆಗಳೆಲ್ಲ ಜರುಗುತ್ತವೆ. ಇನ್ನೊಂದು, 1/8 ಡೆಮಿ ಅಳತೆಯ ಪುಸ್ತಕದಲ್ಲಿ ಒಂದು ಫಾರಂ (ಮುದ್ರಿಸಿ ಮಡಚುವ ದೊಡ್ಡ ಹಾಳೆ) ಅಂದರೆ 16 ಪುಟ. 160 ಅಂದರೆ ಸರಿಯಾಗಿ ಹತ್ತು ಫಾರಂ. 163 ಆಯಿತೋ, ಆ ಮೂರು ಪುಟಕ್ಕೆ ಕಾಗದ ದಂಡ. ಮಾದರಿ ಹಂತದಲ್ಲೇ ಅಂದಾಜು ಮಾಡಿ ಪ್ರಕಾಶಕರಿಗೆ ತಿಳಿಸಿ, ಇಲ್ಲವಾದರೆ ಪ್ರೆಸ್ಸಿನವರು ಕೇಳಿದ ದಿನ ಅಷ್ಟೂ ಪುಟ ಮತ್ತೆ ಕುಗ್ಗಿಸುವ ಕೆಲಸ ನಿಮ್ಮ ತಲೆಗೇ.

ಯುನಿಕೋಡ್ ಪರಿವರ್ತನೆಗೆ ಒಂದು ತಪಾಸಣಾ ಪಟ್ಟಿ ಮಾಡಿ ಗೋಡೆಗೆ ಅಂಟಿಸಿಕೊಳ್ಳಿ. ನಡುನಡುವಿನ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿರುತ್ತವೆ. ಉದ್ಧರಣ ಚಿಹ್ನೆಗಳು ತಿರುಗುಮುರುಗಾಗಿರುತ್ತವೆ. ಝಡ್‌ಡಬ್ಲ್ಯುಎನ್‌ಜೆ ಎಂಬ, ಅಕ್ಷರಗಳು ಒತ್ತಾಗಿ ಬೆರೆಯದಂತೆ ತಡೆಯುವ, ಕಣ್ಣಿಗೆ ಕಾಣದ ಅಕ್ಷರ ಬಿದ್ದುಹೋಗಿ ‘ಸಾಫ್ಟ್‌ವೇರ್’ ಎಂಬುದು ‘ಸಾಫ್ಟ್ವೇರ್’ ಆಗಿರುತ್ತದೆ. ಟ, ವ ಎರಡೂ ಒತ್ತಾಗಿ ‘ಫೇ’ ಕೆಳಗೆ ಜೋತಾಡುತ್ತಿರುತ್ತವೆ. ‘ರ‍್ಯಾಂಕ್’ ಅರ್ಕಾವತ್ತಿನ ‘ರ್ಯಾಂಕ್’ ಆಗುತ್ತದೆ. ಇವನ್ನು ಓದುತ್ತ ಹುಡುಕಬೇಡಿ, ಹುಡುಕು-ಬದಲಿಸು ಆಜ್ಞೆಯಲ್ಲಿ ಒಮ್ಮೆಗೇ ಹಿಡಿಯಿರಿ. ಪುಟ ವಿನ್ಯಾಸದ ಇನ್‌ಡಿಸೈನ್ ತಂತ್ರಾಂಶದಲ್ಲಿ ಒತ್ತಕ್ಷರ ಚೆದುರಿದರೆ ಫಾಂಟನ್ನು ಬೈಯುವ ಮೊದಲು ಮೂಲ ಪ್ಯಾರಾಗ್ರಾಫ್ ಸ್ಟೈಲಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ಕನ್ನಡದಂಥ ಲಿಪಿಯ ಒತ್ತಕ್ಷರ ಸರಿಯಾಗಿ ಜೋಡಿಸುವ ಸೌಲಭ್ಯ) ಆಯ್ಕೆಯಾಗಿದೆಯೇ ನೋಡಿ. ಆ ಸ್ಟೈಲನ್ನು ಖಾಲಿ ಟೆಂಪ್ಲೇಟಿನಲ್ಲಿ ಉಳಿಸಿಟ್ಟರೆ ಪ್ರತಿ ಪುಸ್ತಕಕ್ಕೆ ಒಂದು ತಾಸಾದರೂ ಉಳಿಯುತ್ತದೆ.

ತಿಂಗಳಿಗೆ ಎರಡೇ ಪುಸ್ತಕ ಹಿಡಿಯಿರಿ. ವರ್ಷದ ಕೊನೆಗೆ ಪ್ರಕಾಶಕರೆಲ್ಲ ಒಮ್ಮೆಗೇ ಬರುತ್ತಾರೆ, ‘ಡಿಸೆಂಬರ್ ಒಳಗೆ ಆಗಲೇಬೇಕು’ ಅಂತ. ಅಕ್ಟೋಬರಿನಲ್ಲೇ ನಿಮ್ಮ ಹಳೆಯ ಪ್ರಕಾಶಕರಿಗೆ ಫೋನ್ ಮಾಡಿ, ಡಿಸೆಂಬರಿಗೆ ಎರಡು ಜಾಗ ಮಾತ್ರ ಇದೆ, ಯಾರ ಹಸ್ತಪ್ರತಿ ಮೊದಲು ಬರುತ್ತದೋ ಅವರಿಗೆ ಎಂದುಬಿಡಿ.
— ಪುಟ ವಿನ್ಯಾಸಕರು, ಗದಗ

*

ಲಗ್ನಪತ್ರಿಕೆ ಕೆಲಸದ ಬಗ್ಗೆ ಮಾತ್ರ ಹೇಳುತ್ತೇನೆ. ಇದರಲ್ಲಿ ಡಿಸೈನ್‌ಗಿಂತ ಹೆಸರುಗಳದ್ದೇ ಗಲಾಟೆ. ಗಿರಾಕಿ ಚೀಟಿಯ ಫೋಟೊ ಕಳಿಸುತ್ತಾರೆ, ನೀವು ಟೈಪ್ ಮಾಡುತ್ತೀರಿ, ರಾತ್ರಿ 11ಕ್ಕೆ ಅವರ ದೊಡ್ಡಪ್ಪ ಫೋನ್ ಮಾಡಿ ‘ನಮ್ಮ ಹೆಸರು ಯಾಕೆ ಕೆಳಗಿದೆ’ ಅನ್ನುತ್ತಾರೆ. ಇದಕ್ಕೆ ಮದ್ದು ಒಂದು ಗೂಗಲ್ ಫಾರಂ. ವಧು-ವರರ ಹೆಸರು, ತಂದೆ-ತಾಯಿ, ಅಜ್ಜ-ಅಜ್ಜಿ, ಸ್ವಾಗತ ಕೋರುವವರು ಯಾವ ಕ್ರಮದಲ್ಲಿ, ತೀರಿಕೊಂಡವರ ಹೆಸರಿನ ಹಿಂದೆ ಏನು, ಛತ್ರದ ಪೂರ್ತಿ ವಿಳಾಸ, ಆರತಕ್ಷತೆಯ ಸಮಯ, ‘ಉಡುಗೊರೆ ಬೇಡ’ ಸಾಲು ಬೇಕೇ ಬೇಡವೇ. ತುಂಬುವುದು ಅವರು, ನೀವು ನಕಲು ಮಾಡಿ ಅಂಟಿಸುವುದಷ್ಟೇ.

ತಪ್ಪಾಗುವ ಜಾಗಗಳು ಯಾವಾಗಲೂ ಅವವೇ. ಹಳೆಯ ಫೈಲ್ ತೆರೆದು ಹೆಸರು ಬದಲಿಸುವಾಗ ಸಂವತ್ಸರ ಹಾಗೇ ಉಳಿಯುತ್ತದೆ. 2026ರ ಮಾರ್ಚ್ 19ರ ಯುಗಾದಿಯಿಂದ ವಿಶ್ವಾವಸು ಹೋಗಿ ಪರಾಭವ ಬಂದಿದೆ. ದಿನಾಂಕಕ್ಕೂ ವಾರಕ್ಕೂ ತಾಳೆಯಾಗುವುದಿಲ್ಲ. ಬೆಳಗಿನ ಜಾವ 4.30ರ ಲಗ್ನವಿದ್ದರಂತೂ ಜಾಗ್ರತೆ: ಪಂಚಾಂಗದ ದಿನ ಸೂರ್ಯೋದಯಕ್ಕೆ ಶುರುವಾಗುವುದರಿಂದ ಪುರೋಹಿತರು ಬರೆದುಕೊಟ್ಟ ವಾರ ಹಿಂದಿನ ದಿನದ್ದಾಗಿರಬಹುದು. ಪತ್ರಿಕೆ ಓದಿದವರು ಒಂದು ದಿನ ಮೊದಲೇ ಛತ್ರಕ್ಕೆ ಹೋಗಿ ನಿಂತಾರು. ‘ಬುಧವಾರ ರಾತ್ರಿ ಕಳೆದು ಗುರುವಾರ ಬೆಳಗಿನ ಜಾವ’ ಎಂದು ಬಿಡಿಸಿ ಬರೆಯುವುದೇ ಕ್ಷೇಮ.

ಪ್ರೂಫಿಗೆ ‘ಓಕೆ’ ಅಥವಾ ಹೆಬ್ಬೆರಳಿನ ಚಿತ್ರ ಬಂದರೆ ಮುದ್ರಣಕ್ಕೆ ಕೊಡಬೇಡಿ. ಎರಡೂ ಕಡೆಯ ಒಬ್ಬೊಬ್ಬ ಹಿರಿಯರು ಓದಿ ‘ಹೆಸರು, ದಿನಾಂಕ, ವಾರ, ಸಮಯ, ಛತ್ರ ಐದೂ ನೋಡಿದ್ದೇವೆ, ಮುದ್ರಿಸಬಹುದು’ ಎಂದು ಟೈಪ್ ಮಾಡಿ ಕಳಿಸಲಿ. ಪ್ರೂಫ್ ಮೇಲೆ ಅಡ್ಡಲಾಗಿ ‘ಪ್ರೂಫ್’ ಎಂಬ ತಿಳಿಬಣ್ಣದ ಅಕ್ಷರ ಇರಲಿ, ಇಲ್ಲದಿದ್ದರೆ ಅದನ್ನೇ ನೆಂಟರಿಗೆಲ್ಲ ಹಂಚಿ ನಿಮ್ಮ ಬಾಕಿ ಮರೆಯುತ್ತಾರೆ. ಅಂತಿಮ ಫೈಲ್ 300 ಡಿಪಿಐ (ಇಂಚಿಗೆ 300 ಚುಕ್ಕೆ), ಸುತ್ತ 3 ಮಿಲಿಮೀಟರ್ ಬ್ಲೀಡ್ (ಕತ್ತರಿಸುವಾಗ ಹೋಗುವ ಹೆಚ್ಚುವರಿ ಅಂಚು). ವಾಟ್ಸ್ಯಾಪಿನಲ್ಲಿ ಫೋಟೊ ಆಗಿ ಅಲ್ಲ, ಡಾಕ್ಯುಮೆಂಟ್ ಆಗಿ ಕಳಿಸಿ. ಫೋಟೊ ಆಗಿ ಹೋದರೆ ಕುಗ್ಗಿ ಅಕ್ಷರದ ಅಂಚು ಮಸುಕಾಗುತ್ತದೆ, ಮತ್ತೊಂದು ಫೋನು ಬರುತ್ತದೆ.

ಕೆಲಸಕ್ಕೆ ಬೇರೆ ಸಿಮ್ ಹಾಕಿ ವಾಟ್ಸ್ಯಾಪ್ ಬಿಸಿನೆಸ್ ಇಟ್ಟುಕೊಳ್ಳಿ. ಕೆಲಸದ ವೇಳೆ ನಮೂದಿಸಿ ‘ಅವೇ ಮೆಸೇಜ್’ ಬರೆದು ಚಾಲೂ ಮಾಡಿದರೆ ಉಳಿದ ಹೊತ್ತಿನಲ್ಲಿ ‘ನಾಳೆ ಬೆಳಿಗ್ಗೆ 7ರೊಳಗೆ ಉತ್ತರಿಸುತ್ತೇನೆ’ ಎಂಬ ಸಂದೇಶ ತಾನಾಗಿ ಹೋಗುತ್ತದೆ. ಆಷಾಢ, ಧನುರ್ಮಾಸದಲ್ಲಿ ಹೇಗೂ ಬಿಡುವು. 2026ರಲ್ಲಿ ಮೇ 17ರಿಂದ ಜೂನ್ 15ರವರೆಗೆ ಅಧಿಕ ಜ್ಯೇಷ್ಠವೂ ಇದೆ. ಆ ದಿನಗಳಲ್ಲಿ ಟೆಂಪ್ಲೇಟ್ ಮಾಡಿಟ್ಟುಕೊಳ್ಳಿ. ಮುಂದಿನ ಫೆಬ್ರುವರಿ-ಮಾರ್ಚಿನಲ್ಲಿ ಮದುವೆಗಳೂ ಮಗಳ ಪರೀಕ್ಷೆಯೂ ಒಟ್ಟಿಗೆ ಬರುತ್ತವೆ. ಆ ಎರಡು ತಿಂಗಳು ವಾರಕ್ಕೆ ಒಂದೇ ಪತ್ರಿಕೆ, ಅದೂ ಟೆಂಪ್ಲೇಟಿನಿಂದ ಆರಿಸಿದ್ದು.
— ಮುದ್ರಣಾಲಯದವರು, ಶಿವಮೊಗ್ಗ

*

ನಿಮ್ಮ ಮನೆಯವರು ಕೇಳಿದ್ದು ಹಣದ ಪ್ರಶ್ನೆ ಅಲ್ಲ. ಲಾಡ್ಜ್ ಅಂದರೆ ಏನು? ಬರ್ತಾರೆ, ಊಟ ಮಾಡ್ತಾರೆ, ರೂಮಿನ ಬಾಗಿಲು ಹಾಕ್ಕೋತಾರೆ. ಅದನ್ನೇ ಅವರು ಹೇಳ್ತಿರೋದು.

ವಾರಕ್ಕೆ 168 ಗಂಟೆ. ಆಫೀಸು, ಓಡಾಟ ಸೇರಿ ದಿನಕ್ಕೆ 10ರಂತೆ 60. ನಿದ್ದೆ ಏಳು ಗಂಟೆಯಂತೆ 49, ಇದರಲ್ಲಿ ಚೌಕಾಸಿ ಇಲ್ಲ. ಸ್ನಾನ, ಊಟ, ತಿಂಡಿ 14. ಮನೆಗೆಲಸದಲ್ಲಿ ನಿಮ್ಮ ಪಾಲು ದಿನಕ್ಕೆ ಎರಡು ಗಂಟೆಯಾದರೂ ಬೇಕಲ್ಲ, ಅದು 14. ಮಗಳು, ತಾಯಿ, ಹೆಂಡತಿ, ನೆಂಟರಿಷ್ಟರು ಅಂತ 15. ಉಳಿದದ್ದು 16. ಜ್ವರ, ಗೃಹಪ್ರವೇಶ, ಕರೆಂಟು ಹೋದದ್ದು ಅಂತ ನಾಲ್ಕು ಗಂಟೆ ತೆಗೆದಿಡಿ. ಸೈಡ್ ಕೆಲಸಕ್ಕೆ ಸಿಗೋದು 12 ಗಂಟೆ, ಅಷ್ಟೇ. ಅದನ್ನು ರಾತ್ರಿಯಿಂದ ಬೆಳಿಗ್ಗೆಗೆ ತನ್ನಿ: ಸೋಮವಾರದಿಂದ ಗುರುವಾರ ಐದರಿಂದ ಆರೂವರೆ, ಭಾನುವಾರ ಆರರಿಂದ ಹನ್ನೆರಡು. ಬೆಳಿಗ್ಗೆ ಐದಕ್ಕೆ ಯಾವ ಲೇಖಕರೂ ಫೋನ್ ಮಾಡಲ್ಲ, ಅದೊಂದು ದೊಡ್ಡ ಪುಣ್ಯ. ಆರೂವರೆಗೆ ಕಂಪ್ಯೂಟರ್ ಮುಚ್ಚಿ ಅಡುಗೆಮನೆಗೆ ಬನ್ನಿ, ಮೂರು ಡಬ್ಬಿ ಕಟ್ಟೋ ಹೊತ್ತು ಅದು.

‘ಸಹಾಯ ಮಾಡ್ತೀನಿ’ ಅನ್ನೋ ಮಾತು ಬಿಟ್ಟುಬಿಡಿ. ಏನೇನು ಮಾಡಬೇಕು ಅಂತ ನೆನಪಿಟ್ಟು ಹೇಳೋ ಕೆಲಸ ಆಗಲೂ ಅವರ ತಲೆಮೇಲೇ ಇರುತ್ತೆ. ನಾಲ್ಕು ಕೆಲಸ ಪೂರ್ತಿ ನಿಮ್ಮದು ಅಂತ ತಗೊಳ್ಳಿ. ಉದಾಹರಣೆಗೆ ದೋಸೆಹಿಟ್ಟು. ಅದು ಗ್ರೈಂಡರ್ ಸ್ವಿಚ್ ಹಾಕೋದಲ್ಲ. ಉದ್ದಿನಬೇಳೆ ಇದೆಯಾ ಅಂತ ಗುರುವಾರವೇ ನೋಡಬೇಕು, ಶನಿವಾರ ಆಫೀಸಿಗೆ ಹೊರಡೋ ಮುಂಚೆ ನಾಲ್ಕು ಪಾವು ಅಕ್ಕಿ, ಒಂದು ಪಾವು ಬೇಳೆ, ಒಂದು ಚಮಚ ಮೆಂತ್ಯ ನೆನೆಹಾಕಬೇಕು, ಸಂಜೆ ರುಬ್ಬಬೇಕು, ಉಕ್ಕಿ ಚೆಲ್ಲದ ಹಾಗೆ ದೊಡ್ಡ ಪಾತ್ರೆಗೆ ತೆಗೆದಿಡಬೇಕು, ಕಲ್ಲು ತೊಳೆದು ಒರೆಸಿಡಬೇಕು, ಬೆಳಿಗ್ಗೆ ಎದ್ದು ಫ್ರಿಜ್ಜಿಗೆ ಸೇರಿಸಬೇಕು. ಇಷ್ಟೂ ಆದರೆ ಅದು ‘ನಿಮ್ಮ’ ಕೆಲಸ.

ತಾಯಿಯವರ ಮಾತ್ರೆಯೂ ನಿಮಗೇ ಇರಲಿ. ಏಳು ದಿನಕ್ಕೆ, ದಿನಕ್ಕೆ ಮೂರು ಹೊತ್ತಿನ ಖಾನೆ ಇರೋ ಡಬ್ಬಿ ಮೆಡಿಕಲ್ ಸ್ಟೋರಲ್ಲಿ ಸಿಗುತ್ತೆ. ಭಾನುವಾರ ತುಂಬಿ. ತುಂಬುವಾಗಲೇ ಯಾವ ಶೀಟು ಮುಗೀತಾ ಬಂತು ಗೊತ್ತಾಗುತ್ತೆ. ಇನ್ನೊಂದು ಮುಖ್ಯ ವಿಷಯ: ನೀವು ಬರಲಿ ಅಂತ ಅವರು ಊಟಕ್ಕೆ ಕಾಯಬಾರದು. ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತಗೊಂಡು ಊಟ ತಡ ಮಾಡಿದರೆ ಸಕ್ಕರೆ ಇಳಿದು ಬೆವರಿ, ಕೈ ನಡುಗಿ, ತಲೆ ತಿರುಗೋದುಂಟು. ಎಂಟಕ್ಕೆ ಅಂದರೆ ಎಂಟಕ್ಕೆ ಬಡಿಸಿ, ಆ ಹೊತ್ತಿಗೆ ನೀವೂ ತಟ್ಟೆ ಮುಂದೆ ಕೂತಿರಿ.

ಮಗಳ ಜೊತೆ ಕೂರೋದು ಅಂದರೆ ಪಾಠ ಹೇಳಿಕೊಡೋದೇ ಆಗಬೇಕಿಲ್ಲ. ಊಟ ಆದಮೇಲೆ ಮುಕ್ಕಾಲು ಗಂಟೆ ಅದೇ ಮೇಜಿನ ಹತ್ತಿರ ಇರಿ, ಲೆಕ್ಕ ಬಿಡಿಸಿದ್ದನ್ನು ನೋಡಿ. ಫೋನ್ ಇನ್ನೊಂದು ರೂಮಲ್ಲಿ, ನಿಮ್ಮದೂ ಅವಳದೂ.
— ಶಿಕ್ಷಕಿ, ಹಾಸನ

*

ಲೆಕ್ಕಪತ್ರ ವಿಭಾಗದವರಿಗೆ ತೆರಿಗೆ ಹೇಳುವುದು ಅಂದರೆ ಮೀನಿಗೆ ಈಜು ಕಲಿಸಿದ ಹಾಗೆ. ಆದರೂ ಕಂಪನಿಯ ಲೆಕ್ಕ ಪೈಸೆಗೆ ಪೈಸೆ ಇಡುವವರೇ ಸ್ವಂತ ಲೆಕ್ಕದಲ್ಲಿ ಜಾರುವುದು ಹೆಚ್ಚು, ಅದಕ್ಕೇ ಬರೆಯುತ್ತಿದ್ದೇನೆ.

ಸಂಬಳ ವರ್ಷಕ್ಕೆ 5.04 ಲಕ್ಷ. ಸೈಡ್ ಆದಾಯ ತಿಂಗಳಿಗೆ 15,000 ಅಂತ ಹನ್ನೆರಡೂ ತಿಂಗಳು ಹಿಡಿದರೂ 1.8 ಲಕ್ಷ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗಿನ ಆದಾಯಕ್ಕೆ ರಿಯಾಯಿತಿ ಇರುವುದರಿಂದ ನಿಮಗೆ ತೆರಿಗೆ ಬೀಳುವುದಿಲ್ಲ. ಹಾಗಿದ್ದ ಮೇಲೆ ಮುಚ್ಚಿಡಲು ಕಾರಣವೂ ಇಲ್ಲ. ರಿಟರ್ನ್ ಮಾತ್ರ ಐಟಿಆರ್-1ರಲ್ಲಿ ಸಲ್ಲಿಸುವಂತಿಲ್ಲ, ಅದರಲ್ಲಿ ವ್ಯಾಪಾರದ ಆದಾಯಕ್ಕೆ ಜಾಗವೇ ಇಲ್ಲ. ಅಂದಾಜು ಲಾಭದ ಪದ್ಧತಿಯಲ್ಲಿ (ವಹಿವಾಟಿನ ನಿಗದಿತ ಪಾಲನ್ನೇ ಲಾಭ ಎಂದು ತೋರಿಸುವುದು) ಐಟಿಆರ್-4. ಪ್ರಕಾಶಕರು ಟಿಡಿಎಸ್ (ಹಣ ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿದಿದ್ದರೆ ಆದಾಯ ತೆರಿಗೆ ತಾಣದ ನಿಮ್ಮ ಖಾತೆಯಲ್ಲಿ ಕಾಣುತ್ತದೆ, ಅದು ವಾಪಸು ಬರುತ್ತದೆ. ಮನೆ ಸಾಲದ ಬಡ್ಡಿಗಾಗಿ ಹಳೆಯ ಪದ್ಧತಿ ಬೇಕೆನಿಸಿದರೆ ಎರಡು ಸಲ ಯೋಚಿಸಿ. ಬರೀ ಸಂಬಳದವರು ವರ್ಷ ವರ್ಷ ಪದ್ಧತಿ ಬದಲಿಸಬಹುದು, ವ್ಯಾಪಾರದ ಆದಾಯ ಇರುವವರಿಗೆ ಆ ಸ್ವಾತಂತ್ರ್ಯವಿಲ್ಲ. ಜಿಎಸ್‌ಟಿ ಚಿಂತೆ ಬೇಡ: ಸೇವೆಗೆ ಮಿತಿ ವರ್ಷಕ್ಕೆ 20 ಲಕ್ಷದ ವಹಿವಾಟು, ಸಂಬಳ ಆ ಲೆಕ್ಕಕ್ಕೆ ಬರುವುದಿಲ್ಲ.

ಸೈಡ್ ಕೆಲಸಕ್ಕೆ ಪ್ರತ್ಯೇಕ ಉಳಿತಾಯ ಖಾತೆ ತೆರೆದು ಅದರದ್ದೇ ಕ್ಯೂಆರ್ ಕೊಡಿ. ಸಾಫ್ಟ್‌ವೇರ್ ಚಂದಾ, ಇಂಟರ್ನೆಟ್, ಯುಪಿಎಸ್ ಬ್ಯಾಟರಿ ಎಲ್ಲ ಅಲ್ಲಿಂದಲೇ ಹೋಗಲಿ. ಆಗ ತಿಂಗಳಿಗೆ ನಿಜವಾಗಿ ಉಳಿಯುವುದು 15,000ವೋ 11,000ವೋ ಗೊತ್ತಾಗುತ್ತದೆ.

ಇನ್ನು ಬಾಕಿ. ‘ಲೈಬ್ರರಿ ಸಗಟು ಖರೀದಿ ದುಡ್ಡು ಬಂದ ಮೇಲೆ ಕೊಡ್ತೀನಿ’ ಎಂಬ ಮಾತು ಕೇಳಿಯೇ ಇರುತ್ತೀರಿ. ಉದ್ಯಮ್ (ಕೇಂದ್ರ ಸರ್ಕಾರದ ಸಣ್ಣ ಉದ್ದಿಮೆಗಳ ಪಟ್ಟಿ) ನೋಂದಣಿ ಮಾಡಿಸಿ. ಸರ್ಕಾರಿ ತಾಣದಲ್ಲಿ ಆಧಾರ್ ಬಳಸಿ ಉಚಿತವಾಗಿ ಆಗುತ್ತದೆ, ದುಡ್ಡು ಕೇಳುವ ತಾಣಗಳೆಲ್ಲ ಖಾಸಗಿಯವರದ್ದು. ಸಣ್ಣ ಉದ್ದಿಮೆಗಳ ಅಭಿವೃದ್ಧಿಗಾಗಿ ಇರುವ 2006ರ ಎಂಎಸ್‌ಎಂಇಡಿ ಕಾಯ್ದೆಯ ಪ್ರಕಾರ ನೋಂದಾಯಿತ ಸಣ್ಣ ಉದ್ದಿಮೆಗೆ ಬರೆದ ಕರಾರಿದ್ದರೂ 45 ದಿನ ಮೀರದಂತೆ, ಕರಾರಿಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಮುದ್ರಿಸಿ. ದೂರು ಕೊಡುವ ಪ್ರಮೇಯ ಬರದೆಯೂ ಎಷ್ಟೋ ಬಾಕಿ ಅದರಿಂದಲೇ ಸಲೀಸಾಗುತ್ತದೆ.
— ತೆರಿಗೆ ಸಲಹೆಗಾರರು, ಹುಬ್ಬಳ್ಳಿ

*

ಮೊದಲು ನಿಮ್ಮ ನೇಮಕಾತಿ ಪತ್ರ ಹುಡುಕಿ ತೆಗೆಯಿರಿ. ‘ಪೂರ್ಣಾವಧಿ’, ‘ಪೂರ್ವಾನುಮತಿಯಿಲ್ಲದೆ ಬೇರೆ ಉದ್ಯೋಗ, ವ್ಯಾಪಾರ ಕೂಡದು’ ಎಂಬ ಸಾಲು ಇದ್ದೇ ಇರುತ್ತದೆ ಅಂದುಕೊಳ್ಳಿ. ಇದ್ದರೆ ಎಚ್‌ಆರ್‌ಗೆ ಐದು ಸಾಲಿನ ಮೇಲ್ ಬರೆದು ಅನುಮತಿ ಕೇಳಿ: ಮಾಡುವ ಕೆಲಸ ಯಾವುದು, ಕಚೇರಿ ಅವಧಿಯ ಹೊರಗೆ ಎಷ್ಟು ಗಂಟೆ, ಕಂಪನಿಯ ವ್ಯವಹಾರಕ್ಕೂ ಇದಕ್ಕೂ ಸಂಬಂಧವಿಲ್ಲ, ಕಂಪನಿಯ ಗಿರಾಕಿಗಳು ಇದರಲ್ಲಿ ಇಲ್ಲ, ಕಂಪನಿಯ ಸಲಕರಣೆ ಬಳಸುವುದಿಲ್ಲ. ಉತ್ತರವನ್ನು ಸ್ವಂತ ಇಮೇಲಿಗೆ ಹಾಕಿಟ್ಟುಕೊಳ್ಳಿ. ಬಾಯಿಮಾತಿನ ಅನುಮತಿ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ. ಹೆಂಡತಿಯ ಹೆಸರಿನಲ್ಲಿ ಬಿಲ್ ಮಾಡಿದರೆ ಸಾಕು ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕೆಲಸ ಮಾಡುತ್ತಿರುವವರು ನೀವೇ ಎಂಬುದು ಅದರಿಂದ ಬದಲಾಗುವುದಿಲ್ಲ, ಅವರ ತೆರಿಗೆಯೂ ಗೋಜಲಾಗುತ್ತದೆ.

ಜನ ಸಿಕ್ಕಿಬೀಳುವುದು ದೊಡ್ಡ ವಿಷಯಕ್ಕಲ್ಲ. ಆಫೀಸಿನ ಪ್ರಿಂಟರಿನಲ್ಲಿ ತೆಗೆದ 160 ಪುಟದ ಪ್ರೂಫಿಗೆ, ಆಫೀಸಿನ ಲ್ಯಾಪ್‌ಟಾಪಿನಲ್ಲಿ ತೆರೆದ ಲಗ್ನಪತ್ರಿಕೆಗೆ. ಮಧ್ಯಾಹ್ನ ಊಟದ ಹೊತ್ತಿನಲ್ಲೂ ಅದು ಬೇಡ.
— ಎಚ್‌ಆರ್ ವಿಭಾಗದವರು, ಬೆಂಗಳೂರು

*

ಎಲ್ಲರೂ ಹೇಗೆ ಮಾಡುವುದು ಅಂತ ಹೇಳಿರುತ್ತಾರೆ. ಯಾವುದನ್ನು ಬಿಡುವುದು ಅಂತ ನಾವು ಹೇಳುತ್ತೇವೆ. ಲಗ್ನಪತ್ರಿಕೆ ಬಿಡಿ. ಅದಕ್ಕೆ ಫೋನು ಜಾಸ್ತಿ, ಅವಸರ ಜಾಸ್ತಿ, ದುಡ್ಡು ಕಮ್ಮಿ, ತಪ್ಪಾದರೆ ಮರುಮುದ್ರಣದ ಖರ್ಚು ನಿಮ್ಮ ತಲೆಗೆ. ಪುಸ್ತಕದಲ್ಲೂ ಪರಿವರ್ತನೆ ಮತ್ತು ಸ್ವಚ್ಛ ಮಾಡುವ ಕೆಲಸವನ್ನು ಟೈಪಿಂಗ್ ಬಲ್ಲ ಕಾಲೇಜು ಹುಡುಗ-ಹುಡುಗಿಯರಿಗೆ ಪುಟಕ್ಕೆ 6 ರೂಪಾಯಿಯಂತೆ ಕೊಡಬಹುದು. 160 ಪುಟಕ್ಕೆ 960 ಹೋಗುತ್ತದೆ, ಐದು ಗಂಟೆ ಉಳಿಯುತ್ತದೆ. ಕೊಡುವಾಗ ಬರಹದ ನಿಯಮದ ಒಂದು ಹಾಳೆ ಜೊತೆಗಿರಲಿ: ಅಂಕಿ ಕನ್ನಡದ್ದೋ ಇಂಗ್ಲಿಷಿನದೋ, ‘ಎಂದು’ವೋ ‘ಅಂತ’ವೋ ಹಸ್ತಪ್ರತಿಯಲ್ಲಿದ್ದಂತೆ ಬಿಡಬೇಕು, ಉದ್ಧರಣ ಒಂಟಿಯೋ ಜೋಡಿಯೋ, ಅನುಮಾನ ಬಂದ ಕಡೆ ತಿದ್ದದೆ ಹಳದಿ ಬಣ್ಣ ಬಳಿಯಬೇಕು. ಹಾಳೆ ಕೊಡದಿದ್ದರೆ ಅವರು ಲೇಖಕರ ಆಡುಮಾತನ್ನೆಲ್ಲ ‘ಸರಿ’ ಮಾಡಿ ಕಳಿಸುತ್ತಾರೆ, ಆ ಐದು ಗಂಟೆ ಅದನ್ನು ಹಿಂದಕ್ಕೆ ತರಲು ಹೋಗುತ್ತದೆ. ಮೊದಲ ಸಲ ಇಡೀ ಪುಸ್ತಕ ಬೇಡ, ಹತ್ತು ಪುಟ ಕೊಟ್ಟು ನೋಡಿ.
— ಓದುಗರು, ಮಂಡ್ಯ